ಸೀಟು ಇಳಿಸಲ್ಲ ಅಂದ್ರೆ ಇಳಿಸಲ್ಲ!

"ಸೈಕಲ್ ಟೂರಿಗೆ ಅಂತ ಸಾವಿರಾರು ರೂಪಾಯಿ ಚೆಲ್ಲೋರೆಲ್ಲ ಶುದ್ಧ ದಡ್ಡರು ಕಣೇ! ಹೆಗ್ಗನಹಳ್ಳಿಯಿಂದ ಮಂಗಳೂರಿನ ಸಮುದ್ರದವರೆಗೆ ನಾನು ಹೋಗಿ ಬರ್ತೀನಿ. ಮನೇಲಿರೋ ಸಾಮಾನಲ್ಲೇ ಹೋಗಿ ಬರ್ತೀನಿ. ನೋಡ್ತಾ ಇರು!"

ಹೀಗಂತ ಕಾಂತರಾಜು ಘರ್ಜಿಸಿದ್ದು ಅಡುಗೆಮನೆಯಲ್ಲಿ, ಅದೂ ಪಿಸುದನಿಯಲ್ಲಿ. ಪಿಸುದನಿಯಲ್ಲಿ ಘರ್ಜಿಸೋದು ಎಷ್ಟು ಕಷ್ಟ ಅಂತ ಒಮ್ಮೆ ಪ್ರಯತ್ನಿಸಿ ನೋಡಿ, ಗೊತ್ತಾಗುತ್ತೆ. ಮೀಸೆಯೆಲ್ಲ ಅದುರಿತು, ಕುತ್ತಿಗೆಯ ನರ ಉಬ್ಬಿತು, ಸದ್ದು ಮಾತ್ರ ಗ್ಯಾಸ್ ಸ್ಟೋವಿನಷ್ಟೇ ಬಂತು.

"ಮನೆ ಸಾಮಾನು ಅಂದ್ರೆ ಏನ್ರೀ? ನನ್ನ ಕುಕ್ಕರ್ ಮುಟ್ಟಿದ್ರೋ, ನೋಡಿ ಮತ್ತೆ!" ಅಂತ ಹೆಂಡತಿ ಇಂದ್ರಮ್ಮನೂ ಪಿಸುದನಿಯಲ್ಲೇ ಗದರಿದಳು.

ಇಷ್ಟು ಗುಟ್ಟು ಯಾಕೆ ಅಂದ್ರೆ, ಪಕ್ಕದ ರೂಮಿನಲ್ಲಿ ಕಾಂತರಾಜುವಿನ ತಾಯಿ ಮುನಿತಾಯಮ್ಮ ಮಲಗಿದ್ದರು. ಆಕೆಯ ಕಿವಿಗೆ ಸೈಕಲ್ ಅನ್ನೋ ಶಬ್ದ ಬೀಳೋ ಹಾಗಿರಲಿಲ್ಲ.

ಆ ಸೈಕಲ್ಲು ಗಿರಿಯದು. ಗಿರಿ ಅಂದ್ರೆ ಗಿರಿರಾಜ್, ಕಾಂತರಾಜುವಿನ ಒಬ್ಬನೇ ತಮ್ಮ. ಮದುವೆಯಾಗಲಿಲ್ಲ. ಸುಂಕದಕಟ್ಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡು, ಮನೆಯ ಮಹಡಿ ಮೇಲಿನ ರೂಮಿನಲ್ಲಿ ಇದ್ದ. ಎರಡು ವರ್ಷದ ಹಿಂದೆ ಒಂದು ಗೇರ್ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿ, "ಅಣ್ಣ, ನಿಂಗೂ ಒಂದು ತರೋಣ. ಇಬ್ರೂ ತುಳ್ಕೊಂಡು ಮಂಗಳೂರಿಗೆ ಹೋಗೋಣ. ಮುಂದಿನ ಚಕ್ರ ಸಮುದ್ರಕ್ಕೆ ಮುಟ್ಟಿಸಿ, ವಾಪಸ್ ಬಂದ್ಬಿಡೋಣ!" ಅಂದಿದ್ದ. ಕಾಂತರಾಜು ಪ್ರತಿ ಸಲವೂ, "ತಡಿಯೋ, ಸಾಮಾನು ಕಮ್ಮಿ ರೇಟಿಗೆ ಬರ್ಲಿ" ಅನ್ನುತ್ತಿದ್ದ. ಸಾಮಾನು ಕಮ್ಮಿ ರೇಟಿಗೆ ಬರೋ ಮುಂಚೆ, ಈ ಸಂಕ್ರಾಂತಿ ಕಳೆದ ವಾರ, ಗಿರಿ ಕಾಫಿ ಕುಡಿದು ಲೋಟ ತೊಳೆದಿಟ್ಟು, "ಯಾಕೋ ಎದೆ ಹಿಡ್ಕೊಂಡಂಗೆ ಆಗ್ತೈತೆ ಅಣ್ಣ" ಅಂತ ಮೆಟ್ಟಿಲ ಮೇಲೆ ಕೂತ. ಆಮೇಲೆ ಏಳಲಿಲ್ಲ.

ಅಂದಿನಿಂದ ಸೈಕಲ್ಲು ಮೇಲಿನ ರೂಮಿನಲ್ಲಿ ಬೆಡ್‌ಶೀಟ್ ಹೊದ್ದು ನಿಂತಿತ್ತು. "ಅದನ್ನ ಮುಟ್ಬೇಡ" ಅಂದಿದ್ದರು ಮುನಿತಾಯಮ್ಮ. "ಒಬ್ಬ ಹೋದ. ಇರೋನೊಬ್ಬ ಲಾರಿಗಳ ಮಧ್ಯ ಹೋಗಿ ಏನಾದ್ರೂ ಆದ್ರೆ, ನಾನು ಯಾರ ಮುಖ ನೋಡ್ಲೋ?" ಕಾಂತರಾಜು ಹೂಂ ಅಂತ ತಲೆಯಾಡಿಸಿದ್ದ. ಆದರೆ ಆಸೆ ಇತ್ತು. ತಮ್ಮನ ಸೈಕಲ್ಲಿನ ಮುಂದಿನ ಚಕ್ರ ಒಂದು ಸಲ ಸಮುದ್ರಕ್ಕೆ ಮುಟ್ಟಬೇಕು. ಅದಾಗದೆ ಅವನ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಹಾಗಾಗಿ ದಸರಾ ರಜೆಗೆ ಹೊರಡೋದು, ಅಮ್ಮನಿಗೆ ಆಫೀಸಿನ ಟ್ರೈನಿಂಗ್ ಅಂತ ಸುಳ್ಳು ಹೇಳೋದು ಅಂತ ತೀರ್ಮಾನವಾಯಿತು.

ಸಾಮಾನು ನೋಡೋಕೆ ಮೊದಲು ಹೋಗಿದ್ದು ರಾಜಾಜಿನಗರದ ಒಂದು ದೊಡ್ಡ ಸೈಕಲ್ ಶೋರೂಮಿಗೆ. ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ, "ಫಸ್ಟ್ ಟೂರಾ ಸಾರ್? ಹೆಲ್ಮೆಟ್ ಬೇಕು, ಪ್ಯಾಡ್ ಇರೋ ಶಾರ್ಟ್ಸ್ ಬೇಕು, ಕ್ಯಾರಿಯರ್ ಎರಡೂ ಕಡೆ ನೇತಾಡೋ ವಾಟರ್‌ಪ್ರೂಫ್ ಬ್ಯಾಗ್ ಬೇಕು" ಅಂತ ಒಂದೊಂದೇ ತಂದು ಎದುರಿಗಿಟ್ಟಳು. ಕಾಂತರಾಜು ಚಡ್ಡಿಯ ರೇಟನ್ನ ಕನ್ನಡಕ ಹಾಕಿಕೊಂಡು ನೋಡಿದ, ಕನ್ನಡಕ ತೆಗೆದು ನೋಡಿದ. ಎರಡರಲ್ಲೂ ಅಷ್ಟೇ ಸೊನ್ನೆ!

"ಇಷ್ಟು ದುಡ್ಡಿಗೆ ಇದು ಮೊಣಕಾಲಿನವರೆಗೂ ಇಲ್ವಲ್ಲಮ್ಮ?"

"ಅದೇ ಸ್ಟೈಲ್ ಸಾರ್."

"ನಮ್ಮ ವಿಜಯನಗರದ ಸೊಸೈಟೀಲಿ ಇಷ್ಟಕ್ಕೆ ಸಾಲಾನೇ ಕೊಡ್ತೀವಿ!" ಅಂತ ಹೇಳಿ ಆಚೆ ಬಂದ. ಅಲ್ಲೇ ಗುಮಾಸ್ತನಾಗಿ ಅರ್ಧ ಆಯುಸ್ಸು ಕಳೆದವನು. ಅವನ ಕೈಯಲ್ಲಿ ದುಡ್ಡು ಬಿಚ್ಚಿಸೋದು ದೇವರ ಕೈಲೂ ಆಗ್ತಿರಲಿಲ್ಲ.

ಮನೆಗೆ ಬಂದವನೇ ಮಹಾಸಂಶೋಧನೆ ಶುರು ಮಾಡಿದ. ಹೆಲ್ಮೆಟ್ಟಿಗೆ ಸ್ಕೂಟರಿನದೇ ಇದೆಯಲ್ಲ, ನೆಂಟರೆಲ್ಲ ದೂರದಿಂದಲೇ ಗುರುತು ಹಿಡಿಯೋ ಆ ಕೆಂಪು ಬಣ್ಣದ್ದು, ಮುಖ ಪೂರ್ತಿ ಮುಚ್ಚೋ ಅಂಥದ್ದು! ತಲೆ ಮೇಲೆ ಹಂಡೆ ಮಗುಚಿದ ಹಾಗಿರುತ್ತೆ, ಪರವಾಗಿಲ್ಲ. ಚಡ್ಡಿ ಪ್ಯಾಡಿಗೆ ಸೋಫಾದ ಫೋಮು. ಎದುರು ಮನೆಯ ಟೈಲರ್ ಜಗನ್ನಾಥನ ಹತ್ತಿರ ಹಳೇ ಬರ್ಮುಡಾದ ಒಳಗೆ ಅದನ್ನ ಹೊಲಿಸಿದ್ದೂ ಆಯಿತು. ಹಾಕಿಕೊಂಡು ನಡೆದರೆ ಹೊಸದಾಗಿ ಹೆಜ್ಜೆ ಇಡೋ ಮಗುವಿನ ಥರ ಕಾಲು ಅಗಲವಾಗುತ್ತಿತ್ತು.

"ರೀ, ಸೋಫಾ ಯಾಕೆ ಒಂದ್ಕಡೆ ಕುಸಿದಿದೆ?" ಅಂತ ಇಂದ್ರಮ್ಮ ಕೇಳಿದಳು.

"ನೀನು ದಿನಾ ಅಲ್ಲೇ ಕೂತ್ಕೊಂಡು ಧಾರಾವಾಹಿ ನೋಡ್ತೀಯಲ್ಲ, ಅದಕ್ಕೆ."

ಆ ಒಂದು ಮಾತಿಗೆ ಅವನು ತೆತ್ತ ಬೆಲೆ ಶೋರೂಮಿನ ಚಡ್ಡಿಗಿಂತ ಜಾಸ್ತಿ. ಕಾಫಿ ನಿಂತಿತು. ಮಾತು ನಿಂತಿತು. ಕೊನೆಗೆ ಫೋಮಿನ ಸತ್ಯ ಒಪ್ಪಿಕೊಂಡ ಮೇಲೇ ಚಟ್ನಿಗೆ ಒಗ್ಗರಣೆ ಬಿತ್ತು.

ಇನ್ನು ಸೀಟಿನ ಕಥೆ. ಗಿರಿ ಅಣ್ಣನಿಗಿಂತ ನಾಲ್ಕು ಬೆರಳು ಎತ್ತರ. ಸೈಕಲ್ ತಂದ ದಿನ ತಾನೇ ಸ್ಪ್ಯಾನರ್ ಹಿಡಿದು, ಹತ್ತಿ ಇಳಿದು, ಹತ್ತಿ ಇಳಿದು, ಸೀಟು ಕೂರಿಸಿಕೊಂಡಿದ್ದ. ಆ ಎತ್ತರದಲ್ಲಿ ಕಾಂತರಾಜುವಿನ ಕಾಲಿನ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಪೆಡಲ್ ತುಳಿಯೋವಾಗ ಸೊಂಟ ಆ ಕಡೆ ಈ ಕಡೆ ಕುಪ್ಪಳಿಸುತ್ತಿತ್ತು.

"ಸೀಟು ಇಳಿಸ್ರೀ. ಒಂದು ಬೋಲ್ಟ್ ಸಡಿಲ ಮಾಡಿದ್ರೆ ಆಯ್ತು."

"ಇಳಿಸಲ್ಲ."

"ಬೀಳ್ತೀರ!"

"ಬಿದ್ರೆ ಬೀಳ್ತೀನಿ. ಅದು ಗಿರಿ ಇಟ್ಟಿರೋ ಅಳತೆ. ಇಳಿಸಲ್ಲ ಅಂದ್ರೆ ಇಳಿಸಲ್ಲ!"

ಗಿರಿಯ ಬಟ್ಟೆ ಯಾರಿಗೋ ಕೊಟ್ಟಿದ್ದಾಯಿತು, ಅಂಗಡಿ ಬೇರೆಯವರದ್ದಾಯಿತು. ಅವನು ಕೈಯಾರೆ ಮಾಡಿಟ್ಟಿದ್ದು ಅಂತ ಉಳಿದಿದ್ದು ಆ ಸೀಟಿನ ಎತ್ತರ ಒಂದೇ. ಇಂದ್ರಮ್ಮ ಈರುಳ್ಳಿ ಹೆಚ್ಚುತ್ತಾ ಇರಲಿಲ್ಲ, ಆದರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೊನೆಗೆ ಉಳಿದಿದ್ದು ಬ್ಯಾಗು. ಘಟ್ಟದಲ್ಲಿ ಮಳೆ ಹಿಡಿದರೆ ಬಟ್ಟೆ ನೆನೆಯಬಾರದು. ವಾಟರ್‌ಪ್ರೂಫ್ ಬೇಕು, ಗಟ್ಟಿ ಬೇಕು, ಪುಕ್ಕಟೆ ಬೇಕು. ಕಾಂತರಾಜು ಕಣ್ಣು ಮುಚ್ಚಿ ಧ್ಯಾನಿಸಿದ. ಜ್ಞಾನೋದಯವಾಯಿತು! ಫ್ಲೆಕ್ಸು! ಮಳೆ, ಬಿಸಿಲು, ಎಲೆಕ್ಷನ್ನು, ಯಾವುದಕ್ಕೂ ಜಗ್ಗದ ವಸ್ತು ಅದೊಂದೇ ಅಲ್ವೇ? ಹೆಗ್ಗನಹಳ್ಳಿಯಲ್ಲಿ ಹುಟ್ಟಿದರೆ ಫ್ಲೆಕ್ಸು, ಗೆದ್ದರೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು. ಕಟ್ಟಿದವರು ಮರೆತ ಮೇಲೆ ಅದೇ ಫ್ಲೆಕ್ಸು ಮನೆಗಳ ಮೇಲೆ ನೀರಿನ ಟ್ಯಾಂಕು ಮುಚ್ಚುತ್ತೆ, ಸೌದೆ ಮುಚ್ಚುತ್ತೆ, ಎಮ್ಮೆ ಕೊಟ್ಟಿಗೆ ಮುಚ್ಚುತ್ತೆ.

ಇಂದ್ರಮ್ಮ ದೇವಸ್ಥಾನಕ್ಕೆ ಹೋಗಿದ್ದ ಹೊತ್ತು ನೋಡಿ ಅಟ್ಟ ಹತ್ತಿದ. ಗಣಪತಿ ಹಬ್ಬದ್ದೊಂದು ಫ್ಲೆಕ್ಸು ದಪ್ಪಗೆ ಸುತ್ತಿಟ್ಟಿತ್ತು. ಬಿಚ್ಚಿ ನೋಡದೆ ಹಾಗೇ ಹೆಗಲ ಮೇಲಿಟ್ಟುಕೊಂಡು ಜಗನ್ನಾಥನ ಅಂಗಡಿಗೆ ಹೋದ.

"ನೋಡಪ್ಪ, ಪ್ರಿಂಟು ಒಳಗಡೆ ಬರ್ಲಿ, ಬಿಳಿ ಹೊರಗಡೆ. ದೇವರ ಮೇಲೆ ಕೆಸರು ಹಾರಬಾರ್ದು."

ವಾರ ಕಳೆದು ಹೋದಾಗ ಜಗನ್ನಾಥ ಬ್ಯಾಗನ್ನ ಮಡಿಸಿ, ದೊಡ್ಡ ಕವರಿಗೆ ಹಾಕಿ, ಎರಡೂ ಕೈಯಲ್ಲಿ ಕೊಟ್ಟ. ಕಾಂತರಾಜುವಿನ ಕೈ ಹಿಡಿದುಕೊಂಡ. "ಸಾರ್, ನಿಮ್ಮಂಥ ಅಣ್ಣ ಯಾರಿಗೂ ಸಿಗಲ್ಲ ಸಾರ್" ಅಂದ. ಅವನ ಕಣ್ಣು ಒದ್ದೆಯಾಗಿತ್ತು. ಕಾಂತರಾಜುವಿಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೆ ಇಷ್ಟು ದೊಡ್ಡ ಯಾತ್ರೆಗೆ ಹೊರಟವರನ್ನ ಜನ ಹೊಗಳೋದು ಸಹಜ ತಾನೇ ಅಂದುಕೊಂಡು, ಹೊಗಳಿಕೆಯನ್ನೂ ಬ್ಯಾಗನ್ನೂ ತಗೊಂಡು ಬಂದು, ಅಮ್ಮ ನೋಡೋ ಮುಂಚೆ ಕವರಿನ ಸಮೇತ ಗಿರಿಯ ಮಂಚದ ಕೆಳಗೆ ತಳ್ಳಿದ.

ಭಾನುವಾರ ಬೆಳಕು ಹರಿಯೋ ಮುಂಚೆ ಟ್ರಯಲ್. ಬಿಡದಿವರೆಗೆ ತುಳಿದು, ತಟ್ಟೆ ಇಡ್ಲಿ ತಿಂದು, ಅಮ್ಮ ಎದ್ದು ಹುಡುಕೋದರೊಳಗೆ ವಾಪಸ್. ಮೇಲಿನ ರೂಮಿನ ಲೈಟ್ ಹಾಕೋ ಹಾಗಿರಲಿಲ್ಲ. ಗಿರಿ ಹೋದ ಮೇಲೆ ಒಂದು ರಾತ್ರಿ ಆ ಕಿಟಕಿಯ ಬೆಳಕು ಅಂಗಳಕ್ಕೆ ಬಿದ್ದಿದ್ದು ಕಂಡು ಮುನಿತಾಯಮ್ಮ ದಿಗ್ಗನೆ ಎದ್ದು ಕೂತು, "ಗಿರಿ ಬಂದ್ನಾ?" ಅಂದಿದ್ದರು. ಒಂದು ಸಲ ಅದನ್ನ ಕೇಳಿದ ಮೇಲೆ ಮನೆಯಲ್ಲಿ ಯಾರೂ ಆ ಸ್ವಿಚ್ ಮುಟ್ಟಿರಲಿಲ್ಲ. ಹಾಗಾಗಿ ಕತ್ತಲಲ್ಲೇ ತಡಕಾಡಿ ಬಟ್ಟೆ ತುಂಬಿದ, ತಡಕಾಡಿ ಬ್ಯಾಗನ್ನ ಕ್ಯಾರಿಯರಿಗೆ ಕಟ್ಟಿದ. ಇಂದ್ರಮ್ಮ ಮುಂದೆ, ಕಾಂತರಾಜು ಹಿಂದೆ, ಮಧ್ಯದಲ್ಲಿ ಸೈಕಲ್ಲು. ಕಳ್ಳರ ಥರ ಮೆಟ್ಟಿಲು ಇಳಿಸಿದರು.

ಕತ್ತಲು ಕರಗೋ ಹೊತ್ತಿಗೆ ಅವನು ನಾಗರಭಾವಿ ದಾಟಿದ್ದ. ಅಲ್ಲಿಂದ ಶುರುವಾಯಿತು ನೋಡಿ, ರಾಜಮರ್ಯಾದೆ! ಹಾಲಿನ ಗಾಡಿಯವನು ಪಕ್ಕಕ್ಕೆ ಸರಿದು ಎದೆ ಮುಟ್ಟಿಕೊಂಡ. ಹಿಂದೆ ಬಂದ ಆಟೋದವನು ಹಾರ್ನೇ ಹೊಡೆಯಲಿಲ್ಲ! ಬೆಂಗಳೂರಿನ ಆಟೋ, ಹಾರ್ನ್ ಹೊಡೆಯದೆ, ನಿಧಾನಕ್ಕೆ ಸೈಕಲ್ ಹಿಂದೆ ಬರೋದು ಅಂದ್ರೇನು! ಪಕ್ಕದಲ್ಲಿ ಹೋದ ಬಸ್ಸಿನ ಕಿಟಕಿಯಲ್ಲಿ ಒಬ್ಬ ತಾತ ತಿರುಗಿ ನೋಡಿ ಕೈ ಮುಗಿದ. ಹೂವಿನ ಬುಟ್ಟಿ ಹೊತ್ತಿದ್ದ ಹೆಂಗಸು ಒಂದು ಹಿಡಿ ಚೆಂಡುಹೂವನ್ನ ಅವನ ಬೆನ್ನ ಕಡೆಗೆ ಎರಚಿದಳು.

ಸೈಕಲ್ ತುಳಿಯೋರನ್ನ ಜನ ಇಷ್ಟು ಗೌರವಿಸ್ತಾರಾ! ಕಾಂತರಾಜು ಕುಪ್ಪಳಿಸುತ್ತಾ ಎಲ್ಲರಿಗೂ ಕೈ ಬೀಸಿದ. ನಾಗರಭಾವಿ ಪಕ್ಕದ ಉಲ್ಲಾಳದ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಒಬ್ಬಾಕೆ ಅವನನ್ನ ಕಂಡು ಕಿಟಾರನೆ ಕಿರುಚಿ, ಕಂಬ ತಬ್ಬಿಕೊಂಡಳು. ಹೆಲ್ಮೆಟ್ಟಿನ ಗಾಜು ಉಸಿರಿಗೆ ಮಬ್ಬಾಗಿತ್ತು, ಯಾರು ಅಂತ ಕಾಣಲಿಲ್ಲ. ಅಭಿಮಾನಿಯೇ ಇರಬೇಕು ಅಂತ ಆಕೆಗೂ ಕೈ ಬೀಸಿದ.

ಕೆಂಗೇರಿಯಲ್ಲಿ ಟೀ ಅಂಗಡಿ ಮುಂದೆ ಇಳಿಯೋಕೆ ಹೋದ. ಕಾಲು ನೆಲಕ್ಕೆ ಸಿಗದೆ ಸೈಕಲ್ ಸಮೇತ ಬೆಂಚಿಗೆ ಒರಗಿದ. ಟೀಯವನು ಓಡಿ ಬಂದು ಹಿಡಿದುಕೊಂಡ. ಬ್ಯಾಗಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, "ಕೂತ್ಕೊಳ್ಳಿ ಸಾರ್. ಟೀಗೆ ದುಡ್ಡು ಬೇಡ. ಇಂಥ ಕೆಲಸಕ್ಕೆ ಹೊರಟೋರ ಹತ್ರ ಇಸ್ಕೊಳ್ಳಲ್ಲ" ಅಂದ.

"ಏನೋ, ಕೈಲಾದಷ್ಟು ತುಳೀತೀನಪ್ಪ" ಅಂತ ವಿನಯದಿಂದ ಹೇಳಿ ಕಾಂತರಾಜು ಹೆಲ್ಮೆಟ್ ತೆಗೆದ.

ಟೀಯವನ ಕೈಯಿಂದ ಲೋಟ ಜಾರಿ ಠಳ್ ಅಂತು. ಅವನು ಕಾಂತರಾಜುವಿನ ಮುಖ ನೋಡಿದ, ಬ್ಯಾಗು ನೋಡಿದ, ಮತ್ತೆ ಮುಖ ನೋಡಿದ. ಎರಡು ಹೆಜ್ಜೆ ಹಿಂದೆ ಹೋಗಿ ಸಿಲಿಂಡರಿಗೆ ಆತುಕೊಂಡ.

"ಸಾ... ಸಾರ್... ನೀವು... ಟೀ ಕುಡೀತೀರಾ ಸಾರ್?"

"ಯಾಕಪ್ಪ? ಮನುಷ್ಯ ತಾನೇ ನಾನು?"

"ಹಿಂದೆ... ಹಿಂದೆ ನೋಡಿ ಸಾರ್."

ಕಾಂತರಾಜು ಹಿಂದೆ ತಿರುಗಿದ. ಕ್ಯಾರಿಯರ್ ಮೇಲೆ ಗಿರಿ ನಗುತ್ತಿದ್ದ.

ಎಡಗಡೆ ಚೀಲದ ಮೇಲೆ ದಪ್ಪಕ್ಷರದಲ್ಲಿ 'ಭಾವಪೂರ್ಣ', ಬಲಗಡೆ ಚೀಲದ ಮೇಲೆ 'ಶ್ರದ್ಧಾಂಜಲಿ'. ಹಿಂಬದಿಯಲ್ಲಿ ಇಡೀ ರಸ್ತೆಗೆ ಕಾಣುವ ಹಾಗೆ ಗಿರಿಯ ಮುಖ, ಅದರ ಕೆಳಗೆ 'ಮತ್ತೆ ಹುಟ್ಟಿ ಬಾ ಗಿರಿ'. ಪಟ್ಟಿಯಲ್ಲಿ ಒಂದು ಚೆಂಡುಹೂ ಸಿಕ್ಕಿಕೊಂಡಿತ್ತು. ಎತ್ತರ ಒಂದು ಬಿಟ್ಟರೆ ಅಣ್ಣತಮ್ಮ ಒಂದೇ ಅಚ್ಚು. ಅದೇ ಮೂಗು, ಅದೇ ಮೀಸೆ. ಸತ್ತವನ ಫೋಟೋ ಕಟ್ಟಿಕೊಂಡು ಸತ್ತವನೇ ಟೀ ಕುಡಿಯೋಕೆ ಬಂದಿದ್ದಾನೆ ಅಂತ ಆ ಟೀಯವನು ನಡುಗಿದ್ದರಲ್ಲಿ ತಪ್ಪೇನಿಲ್ಲ.

ಕಾಂತರಾಜುವಿಗೆ ಮೊದಲು ನಗು ಬಂತು. ಗಿರಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಇಡೀ ಸುಂಕದಕಟ್ಟೆಗೆ ಹೇಳಿಕೊಂಡು ಬರುತ್ತಿದ್ದ. ಇದನ್ನ ಹೇಳೋಣ ಅಂದ್ರೆ ಅವನೇ ಇಲ್ಲವಲ್ಲ ಅಂತ ಅನ್ನಿಸಿದ್ದೇ ತಡ, ನಗು ಅಲ್ಲೇ ನಿಂತಿತು. ತಮ್ಮ ಹೋದ ದಿನ ಅವನು ಅತ್ತಿರಲಿಲ್ಲ. ಶಾಮಿಯಾನ ಹಾಕಿಸಬೇಕಿತ್ತು, ಬಂದವರನ್ನ ನೋಡಿಕೊಳ್ಳಬೇಕಿತ್ತು, ಅಮ್ಮನನ್ನ ಹಿಡಿದುಕೊಳ್ಳಬೇಕಿತ್ತು. ಈಗ ಕೆಂಗೇರಿಯ ಬೆಂಚಿನ ಮೇಲೆ, ಸೋಫಾದ ಫೋಮಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಟೀಯವನು ಧೈರ್ಯ ಮಾಡಿ ಹತ್ತಿರ ಬಂದು, ಇನ್ನೊಂದು ಲೋಟ ಟೀ ಕೈಗೆ ಕೊಟ್ಟ.

ಕಣ್ಣೊರೆಸಿಕೊಂಡವನೇ ಟೈಲರಿಗೆ ಫೋನ್ ಮಾಡಿದ.

"ಏನಯ್ಯಾ ಜಗನ್ನಾಥ! ಗಣಪತಿ ಫ್ಲೆಕ್ಸ್ ಕೊಟ್ರೆ ಏನಯ್ಯಾ ಹೊಲಿದಿದೀಯ?"

"ಸಾರ್, ಗಣಪತಿ ಒಳಗೆ ಗಿರಿ ಅಣ್ಣಂದೂ ಸುತ್ತಿತ್ತಲ್ಲ? ಗಣಪತಿದು ಮಡಿಕೆ ಮಡಿಕೇಲಿ ಹರಿದಿತ್ತು. ಇದು ಹೊಸದಾಗಿತ್ತು. ನೀವೇ ಬೇಕೂಂತ ಕೊಟ್ಟಿದೀರ ಅಂದ್ಕೊಂಡೆ."

"ಪ್ರಿಂಟು ಒಳಗೆ ಹಾಕು ಅಂತ ಬಾಯಿ ಬಡ್ಕೊಂಡೆನಲ್ಲೋ!"

"ಒಳಗೆ ಹಾಕಿದ್ರೆ ಗಿರಿ ಅಣ್ಣನ ಮುಖದ ಮೇಲೆ ನಿಮ್ಮ ಒದ್ದೆ ಬನೀನು ಬರುತ್ತಲ್ಲ ಸಾರ್! ಮುಖದ ಮೇಲೆ ಕತ್ತರಿ ಇಡೋಕೂ ಕೈ ಬರ್ಲಿಲ್ಲ. ಅದಕ್ಕೆ ಪೂರ್ತಿ ಮುಖ ಹಿಂದೆ ಬರೋ ಹಾಗೆ ಹೊಲಿದೆ."

ಇದಕ್ಕೆ ಏನಂತ ಬೈಯೋದು? ಕಾಂತರಾಜು ಫೋನಿಟ್ಟ. ಇಟ್ಟಿದ್ದೇ ತಡ ಇಂದ್ರಮ್ಮನ ಫೋನು ಬಂತು.

"ರೀ, ಎಷ್ಟು ಸಲ ಮಾಡ್ಲಿ? ಅಟ್ಟದ ಮೇಲಿದ್ದ ಗಣಪತಿ ಫ್ಲೆಕ್ಸ್ ತಗೊಂಡ್ರಾ? ಅದರೊಳಗೆ ಗಿರೀದು ನಾನೇ ಸುತ್ತಿಟ್ಟಿದ್ದೆ. ಬಿಸಾಕೋಕೆ ಮನಸ್ಸು ಬರ್ಲಿಲ್ಲ, ಅತ್ತೆ ಕಣ್ಣಿಗೂ ಬೀಳಬಾರ್ದು ಅಂತ."

"ಈಗ ಊರಿನ ಕಣ್ಣಿಗೆಲ್ಲ ಬಿದ್ದಾಯ್ತು ಕಣೇ. ಅಮ್ಮ ಎದ್ದಿಲ್ಲ ತಾನೇ?"

"ಏಳೋದೇನು! ಉಲ್ಲಾಳದ ಚಿಕ್ಕಮ್ಮ, ವೆಂಕಟಲಕ್ಷ್ಮಮ್ಮ, ಬಸ್‌ಸ್ಟಾಪಿಂದ ಅತ್ತೆಗೆ ಫೋನ್ ಮಾಡಿದ್ರು. 'ಅಕ್ಕಾ, ನಿನ್ನ ಮಗ ಈಗ್ತಾನೆ ನನ್ನ ಮುಂದೇನೇ ಸೈಕಲ್ಲಲ್ಲಿ ಹೋದ' ಅಂದ್ರು. 'ಯಾವ ಮಗ?' ಅಂದ್ರು ಅತ್ತೆ. 'ಇಬ್ರೂ!' ಅಂದ್ರು."

ಕಾಂತರಾಜು ಟೀ ಲೋಟ ಬೆಂಚಿನ ಮೇಲಿಟ್ಟ. "ಅಮ್ಮ ಏನಂದ್ಲು?"

"ಗೇಟಿನ ಹತ್ರ ಕುರ್ಚಿ ಹಾಕಿಸ್ಕೊಂಡು ಕೂತಿದಾರೆ. ಬೇಗ ಬನ್ನಿ."

ಬಿಡದಿಯ ತಟ್ಟೆ ಇಡ್ಲಿ ಬಿಡದಿಯಲ್ಲೇ ಉಳಿಯಿತು. ಕಾಂತರಾಜು ಟವೆಲ್ ತೆಗೆದು ಗಿರಿಯ ಮುಖ ಮುಚ್ಚಿ ಹೊರಟ. ಒಂದು ಫರ್ಲಾಂಗು ಹೋಗಿರಬಹುದು, ನಿಲ್ಲಿಸಿ ಟವೆಲ್ ಕಿತ್ತು ಹಾಕಿದ. ಎಂಥ ಚಳಿಯಲ್ಲೂ ಗಿರಿ ಮುಖದ ಮೇಲೆ ಹೊದ್ದುಕೊಳ್ಳುತ್ತಿರಲಿಲ್ಲ, ಉಸಿರು ಕಟ್ಟುತ್ತೆ ಅನ್ನುತ್ತಿದ್ದ. ಆಮೇಲೆ ದಾರಿಯುದ್ದಕ್ಕೂ ಜನ ಕೈ ಮುಗಿದರು. ಈ ಸಲ ಕಾಂತರಾಜು ಕೈ ಬೀಸಲಿಲ್ಲ. ತಲೆಬಾಗಿ ನಮಸ್ಕಾರ ಮಾಡಿದ.

ದಾರಿಯಲ್ಲಿ ಅವನಿಗೆ ಅಪ್ಪನ ಹಳೇ ಸೈಕಲ್ಲು ನೆನಪಾಯಿತು. ಹುಡುಗನಾಗಿದ್ದಾಗ ಒಂದು ದಿನ ಗಿರಿಯನ್ನ ಹಿಂದೆ ಕೂರಿಸಿಕೊಂಡು ಸುಂಕದಕಟ್ಟೆಯಿಂದ ಮನೆವರೆಗೆ, ಒಂದೇ ಸಮನೆ ಮಾತಾಡಿಕೊಂಡು ಬಂದಿದ್ದ. ಮನೆ ಮುಂದೆ ಇಳಿದು ನೋಡಿದರೆ ಕ್ಯಾರಿಯರ್ ಖಾಲಿ! "ತಮ್ಮ ಎಲ್ಲೋ?" ಅಂತ ಅಮ್ಮ ಕೇಳಿದಾಗ ಸೈಕಲ್ ತಿರುಗಿಸಿ ವಾಪಸ್ ಓಡಿದ್ದ. ಮಾಗಡಿ ರಸ್ತೆಯ ಗುಂಡಿಯ ಪಕ್ಕ ಗಿರಿ ಮಂಡಿ ಕೆತ್ತಿಸಿಕೊಂಡು ಕೂತು, ಅಣ್ಣ ಬಂದೇ ಬರ್ತಾನೆ ಅಂತ ಕಾಯುತ್ತಿದ್ದ.

ಗೇಟಿನ ಹತ್ತಿರ ಮುನಿತಾಯಮ್ಮ ಕೂತೇ ಇದ್ದರು. ಮಗ ಸತ್ತಾಗ ಬೀದಿ ಮೂಲೆಯಲ್ಲಿ ಇದೇ ಫ್ಲೆಕ್ಸ್ ಕಟ್ಟಿದ್ದರು. ಅದನ್ನ ನೋಡಲಾರದೆ ಆಕೆ ಎರಡು ಬೀದಿ ಸುತ್ತಿಕೊಂಡು ಓಡಾಡುತ್ತಿದ್ದರು. ಈಗ ಎದ್ದರು. ಸೈಕಲ್ಲಿನ ಹಿಂದಕ್ಕೆ ಬಂದು ನಿಂತರು. ಗಿರಿಯ ಕೆನ್ನೆಗೆ ಉಲ್ಲಾಳದ ಕೆಸರು ಹಾರಿತ್ತು. ಸೆರಗಿನ ತುದಿಯನ್ನ ನಾಲಗೆಯಲ್ಲಿ ಒದ್ದೆ ಮಾಡಿಕೊಂಡು, ಸ್ಕೂಲಿಗೆ ಹೊರಟ ಮಗುವಿಗೆ ಒರೆಸುವ ಹಾಗೆ ಒರೆಸಿದರು. ಇಂದ್ರಮ್ಮ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ತಪ್ಪಾಯ್ತಮ್ಮ" ಅಂದ ಕಾಂತರಾಜು. "ಸೈಕಲ್ಲು ಮೇಲಿಟ್ಬಿಡ್ತೀನಿ. ಎಲ್ಲೂ ಹೋಗಲ್ಲ."

"ಎಲ್ಲಿಗೆ ಹೊರಟಿದ್ದೆ?"

"ಸಮುದ್ರಕ್ಕೆ."

ಮುನಿತಾಯಮ್ಮ ಗಿರಿಯ ಮುಖದ ಮೇಲೆ ಕೈಯಿಟ್ಟರು. "ನನ್ ಹತ್ರಾನೂ ಅದೇ ಹೇಳ್ತಿದ್ದ. ನಿಮ್ಮಣ್ಣ ಬರ್ತಾನಾ ಅಂತ ಕೇಳಿದ್ರೆ, ಬಂದೇ ಬರ್ತಾನೆ ಕಣಮ್ಮ ಅನ್ನೋನು." ಅಷ್ಟು ಹೇಳಿ ಮೂಗು ಸೀಟಿಕೊಂಡರು. ಆಮೇಲೆ ಮಗನ ಕಾಲಿನ ಕಡೆ ನೋಡಿದರು. ಅವನು ಇನ್ನೂ ಸೀಟಿನ ಮೇಲೇ, ಹೆಬ್ಬೆರಳ ತುದಿಯಲ್ಲಿ ನಿಂತು ತತ್ತರಿಸುತ್ತಿದ್ದ.

"ಇದೇನೋ, ಕಾಲೇ ನೆಲಕ್ಕೆ ಸಿಕ್ತಿಲ್ಲ ನಿಂಗೆ?"

"ಸೀಟು ಎತ್ತರ ಅಮ್ಮ. ಗಿರಿ ಅಳತೆ ಅದು. ಅವನ ಸೀಟು."

"ಅವನ ಸೀಟೇನೋ ಅವನ ಸೀಟು! ಕಣ್ ಕಾಣಲ್ವಾ? ಅವ್ನು ಹಿಂದೆ ಕೂತವ್ನೆ. ತುಳಿಯೋನು ನೀನು. ಇಂದ್ರಾ, ಸ್ಪ್ಯಾನರ್ ತಗೊಂಬಾರಮ್ಮ!"

ಗಿರಿಯ ಸ್ಪ್ಯಾನರಿನಲ್ಲೇ ಕಾಂತರಾಜು ಬೋಲ್ಟ್ ಸಡಿಲಿಸಿದ. ಸೀಟು ನಾಲ್ಕು ಬೆರಳು ಕೆಳಗಿಳಿಯಿತು. ಹತ್ತಿ ಕೂತ. ಎರಡೂ ಪಾದ ನೆಲದ ಮೇಲೆ ಚಪ್ಪಟೆಯಾಗಿ ನಿಂತವು.

ಮುನಿತಾಯಮ್ಮ ಚೀಲದ ಪಟ್ಟಿ ಎರಡೂ ಕಡೆ ಎಳೆದು ನೋಡಿದರು. ಗಂಟು ಬಿಗಿಯಾಗಿದೆಯಾ ಅಂತ ಮತ್ತೊಂದು ಸಲ ಎಳೆದು ನೋಡಿದರು.

"ದಸರಾ ಕಳೆದು ಹೋಗ್ಬಾ. ಗುಂಡಿ ಬಂದ್ರೆ ನಿಧಾನ ಮಾಡು. ಮಾತಾಡ್ಕೊಂಡು ಮೈ ಮರೀಬೇಡ. ಚಿಕ್ಕೋನಿದ್ದಾಗ ಒಂದ್ಸಲ ಬೀಳಿಸ್ಕೊಂಡು ಬಂದಿದ್ದೆ ಅವ್ನನ್ನ. ಈ ಸಲ ಆಗಾಗ ಹಿಂದೆ ತಿರುಗಿ ನೋಡ್ಕೋ."